ಹುಳದ ಮನೆಗೆ ನಾಲ್ಕು ಸೆಲ್ಲಿನ ಕಂಪ್ಯೂಟರು

ಸ್ವಲ್ಪ ತಾಳಿ. ಚಿಪ್ಪು, ಸರ್ಕ್ಯೂಟು ಎಂದು ಶುರುವಾದ ಕೂಡಲೇ ಪುಟ ತಿರುಗಿಸಿಬಿಡಬೇಡಿ. ಮುಂದೆ ಒಂದು ಸೇವಂತಿಗೆ ಹೂವು ಬರುತ್ತದೆ, ಅದು ಬರುವವರೆಗಾದರೂ ಕಾಯಿರಿ. ಈ ಸಲದ ಚಳಿಗಾಲದಲ್ಲಿ ನನ್ನ ತಲೆ ತಿಂದದ್ದು ಮೊದಲು ಚಿಪ್ಪು, ಆಮೇಲೆ ಆ ಹೂವು.

ನಾನು ಮದ್ದೂರಿನಲ್ಲಿ, ಬಸ್ ಸ್ಟ್ಯಾಂಡಿಗೆ ಹತ್ತಿರ, ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಎಲೆಕ್ಟ್ರಾನಿಕ್ಸನ್ನು ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ. ಕೆಟ್ಟು ಬಂದ ಸೆಟ್ಟುಗಳಿಂದ ಕಲಿತದ್ದು. ಭಾನುವಾರ ಮಂಡ್ಯಕ್ಕೆ ಹೋಗಿ, ಎಂಜಿನಿಯರಿಂಗ್ ಕಾಲೇಜಿನ ಲೆಕ್ಚರರೊಬ್ಬರ ಮನೆಯ ಜಗಲಿಯಲ್ಲಿ ಕೂತು, ಅವರು ಓದಿ ಎತ್ತಿಟ್ಟ ಇಂಗ್ಲಿಷ್ ಪತ್ರಿಕೆಗಳನ್ನು ಓದುತ್ತೇನೆ. ಅರ್ಧ ಅರ್ಥವಾಗುತ್ತದೆ, ಇನ್ನರ್ಧಕ್ಕೆ ಅವರನ್ನು ಪೀಡಿಸುತ್ತೇನೆ. ಕಂಪ್ಯೂಟರಿನ ಇಡೀ ಬುದ್ಧಿಯನ್ನು ಬೆರಳಗಲದ ಒಂದು ಚಿಪ್ಪಿನಲ್ಲಿ ಕೂರಿಸಿದ್ದಾರೆ ಎಂದು ಓದಿದ ದಿನದಿಂದ ನನಗೆ ಅದೇ ಹುಚ್ಚು. ಆದರೆ ಅದರಿಂದ ಮಾಡಿಸುವ ಕೆಲಸವೇನು? ಅದು ಪೂರಿಗಾಲಿಯಲ್ಲಿ ಸಿಕ್ಕಿತು.

ಪೂರಿಗಾಲಿ ನನ್ನ ಸೋದರತ್ತೆಯ ಊರು. ಅವರ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಗದ್ದೆ, ಕಬ್ಬು ಎಲ್ಲ ಮಾವನದು. ಹುಳದ ಮನೆ ಮಾತ್ರ ಅತ್ತೆಯದು. ಅವಳೇ ಹಟ ಹಿಡಿದು ಹಿಪ್ಪುನೇರಳೆ ಸೊಪ್ಪಿನ ಗಿಡ ನೆಡಿಸಿದ್ದು, ಅವಳೇ ಬೆಳಿಗ್ಗೆ ಎದ್ದು ಸೊಪ್ಪು ಹೆಚ್ಚಿ ಹಾಕುವುದು. ಹಿಂದಿನ ಎರಡು ಬೆಳೆಯೂ ಕೆಟ್ಟಿತ್ತು. ಕಾರಣ ಹುಳವಲ್ಲ, ಮೊಟ್ಟೆ. ಮೊಟ್ಟೆಗಳು ಕಾಗದದ ಹಾಳೆಗೆ ಅಂಟಿಕೊಂಡು ಬರುತ್ತವೆ, ಸಾಸಿವೆಗಿಂತ ಸಣ್ಣವು. ಹತ್ತು ಹನ್ನೊಂದು ದಿನ ಒಂದೇ ಸಮನಾದ ಬೆಚ್ಚನೆ ಸಿಕ್ಕರೆ ಎಲ್ಲವೂ ಒಂದೇ ಬೆಳಿಗ್ಗೆ ಒಡೆಯುತ್ತವೆ. ಸಿಗದಿದ್ದರೆ ಇವತ್ತು ಒಂದಷ್ಟು, ನಾಳೆ ಒಂದಷ್ಟು. ಆಮೇಲೆ ಒಂದೇ ತಟ್ಟೆಯಲ್ಲಿ ಒಂದು ಹುಳ ಪೊರೆ ಬಿಡಲು ಸೊಪ್ಪು ಬಿಟ್ಟು ಸುಮ್ಮನೆ ಕೂತಿರುತ್ತದೆ, ಪಕ್ಕದ್ದು ಹಸಿವು ಎಂದು ತಲೆ ಎತ್ತಿರುತ್ತದೆ. ಹಾಕಿದರೆ ಅದಕ್ಕೆ ಕೇಡು, ಹಾಕದಿದ್ದರೆ ಇದಕ್ಕೆ ಕೇಡು.

ನಾನು ಹೋದ ದಿನ ಮಾವ ಜಗಲಿಯಲ್ಲಿ ಕೂತು ತೀರ್ಪು ಕೊಟ್ಟುಬಿಟ್ಟಿದ್ದರು.

"ಇದೊಂದ್ ಬೆಳೆ ನೋಡ್ತೀನಿ ಕಣಮ್ಮಿ. ಇದೂ ಕೆಟ್ರೆ ಸೊಪ್ಪಿನ ಗಿಡ ಬೇರ್ ಸಮೇತ ಕಿತ್ತು ಕಬ್ಬು ಆಕ್ತೀನಿ. ಆಮೇಲೆ ಬಾಯ್ ಬಡ್ಕಬ್ಯಾಡ."

ಅತ್ತೆ ಒಳಗೆ ಬಂದು ನನಗೆ ಮುದ್ದೆ ಬಡಿಸುತ್ತಾ, "ಅಗ್ಗಿಷ್ಟಿಕೆ ಮುಂದೆ ಎಷ್ಟೊತ್ತು ಅಂತ ಕುಂತ್ಕೊಳ್ಳದ್ಲಾ? ವಸಿ ಕಣ್ಣು ಮುಚ್ಚುದ್ರೆ ಕೆಂಡ ಆರೋಯ್ತದೆ" ಎಂದಳು.

"ಅತ್ತೆ, ನಿದ್ದೆ ಮಾಡದೆ ಕಾಯೋ ಡಬ್ಬಿ ಒಂದ್ ಮಾಡ್ಕೊಡ್ತೀನಿ" ಎಂದೆ. ಬಾಯಿಂದ ಬಂದೇ ಹೋಯಿತು.

ಮಂಡ್ಯದ ಲೆಕ್ಚರರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಬಿಸಿ ಕಾಯೋದಕ್ಕೆ ಇಸ್ತ್ರಿ ಪೆಟ್ಟಿಗೆಯ ಥರ್ಮೋಸ್ಟಾಟ್ ಸಾಕಲ್ಲಪ್ಪ. ನಿನಗೆ ಮೊಟ್ಟೆ ಒಡೆಯೋದು ಬೇಕೋ, ಕಂಪ್ಯೂಟರ್ ಬೇಕೋ? ಮೊದಲು ಅದನ್ನ ತೀರ್ಮಾನ ಮಾಡು."

ಎರಡೂ ಬೇಕಿತ್ತು. ಆದರೂ ನನ್ನ ಹತ್ತಿರ ಉತ್ತರವಿತ್ತು. ಬಿಸಿ ಒಂದೇ ಅಲ್ಲ. ಮೊದಲ ದಿನಗಳಲ್ಲಿ ಹಗಲು ಬೆಳಕು, ರಾತ್ರಿ ಕತ್ತಲು ಬೇಕು. ಮೊಟ್ಟೆಯೊಳಗೆ ಮರಿಯ ತಲೆ ಕಪ್ಪು ಚುಕ್ಕೆಯಾಗಿ ಕಂಡ ಮೇಲೆ ಎರಡು ದಿನ ಪೂರ್ತಿ ಕತ್ತಲು ಮಾಡಬೇಕು; ಆಗ ಮುಂದೋಡಿದವು ತಡೆದು ನಿಂತು ಹಿಂದುಳಿದವು ಬಂದು ಸೇರಿಕೊಳ್ಳುತ್ತವೆ. ಕೊನೆಗೆ ಒಂದು ಬೆಳಿಗ್ಗೆ ಒಮ್ಮೆಲೇ ಬೆಳಕು ಬಿಟ್ಟರೆ ಒಟ್ಟಿಗೆ ಒಡೆಯುತ್ತವೆ. ದಿನ ಎಣಿಸಬೇಕು, ಕರೆಂಟು ಹೋದದ್ದನ್ನು ತಿಳಿಯಬೇಕು, ಹೋದರೆ ಅತ್ತೆಯನ್ನು ಕರೆಯಬೇಕು. ಇಸ್ತ್ರಿ ಪೆಟ್ಟಿಗೆಗೆ ಇಷ್ಟೆಲ್ಲ ಬರುವುದಿಲ್ಲ.

"ಸರಿ, ಮಾಡು" ಎಂದು ಲೆಕ್ಚರರು ತಮ್ಮ ಹತ್ತಿರ ಹೆಚ್ಚುವರಿಯಾಗಿದ್ದ ಒಂದು 8080 ಚಿಪ್ಪನ್ನು ಕೊಟ್ಟರು. ಈಗ ಎಲ್ಲರ ಬಾಯಲ್ಲೂ ಆ ನಂಬರೇ.

ಅಲ್ಲಿಂದ ತೊಂದರೆ ಶುರು. ಆ ಚಿಪ್ಪಿಗೆ ಮೂರು ಬಗೆಯ ಓಲ್ಟೇಜು ಬೇಕು: ಪ್ಲಸ್ ಐದು, ಪ್ಲಸ್ ಹನ್ನೆರಡು, ಮೈನಸ್ ಐದು. ಅದೂ ಕ್ರಮ ತಪ್ಪದೆ. ಮೈನಸ್ ಐದು ಎಲ್ಲಕ್ಕಿಂತ ಮೊದಲು ಬರಬೇಕು, ಎಲ್ಲಕ್ಕಿಂತ ಕೊನೆಗೆ ಹೋಗಬೇಕು. ಹಳೆಯ ಟ್ರಾನ್ಸ್‌ಫಾರ್ಮರಿಗೆ ನಾನೇ ಮತ್ತೆ ತಂತಿ ಸುತ್ತಿ ಸಪ್ಲೈ ಮಾಡಿದೆ. ಸ್ವಿಚ್ಚು ಹಾಕಿ ತೆಗೆದು ಎಷ್ಟು ಸಲ ನೋಡಿದರೂ ಸರಿಯಿತ್ತು. ಒಂದು ಮಧ್ಯಾಹ್ನ ಮದ್ದೂರಿನಲ್ಲಿ ಕರೆಂಟು ಹೋಯಿತು, ತಕ್ಷಣ ಬಂತು, ಮತ್ತೆ ಹೋಯಿತು. ಮೈನಸ್ ಐದರ ಕಡೆ ನಾನು ಹಾಕಿದ್ದ ಕೆಪಾಸಿಟರು ಚಿಕ್ಕದು. ಅದು ಮೊದಲು ಬರಿದಾಯಿತು. ಹೊಗೆ ಬರಲಿಲ್ಲ, ವಾಸನೆ ಬರಲಿಲ್ಲ. ಚಿಪ್ಪು ಮಾತ್ರ ಮತ್ತೆ ಏಳಲಿಲ್ಲ.

ಅಂಗಡಿಯ ಯಜಮಾನರು ತಮ್ಮ ಸೋಲ್ಡರಿಂಗ್ ನಿಲ್ಲಿಸಿ, "ಕರೆಂಟ್ ಓದ್ರೆ ಸಾಯೋ ವಸ್ತುನ ಈ ಜಿಲ್ಲೇಲಿ ಯಾವನ್ಗೆ ಮಾರ್ತೀಯಲಾ?" ಎಂದರು. ತಮಾಷೆಗೆ ಅಂದದ್ದು. ನನಗೆ ಅದು ನೇರ ನಾಟಿತು. ಚಿಪ್ಪು ಎಷ್ಟು ವೇಗ, ಎಷ್ಟು ಬುದ್ಧಿ ಎಂದೇ ನೋಡುತ್ತಿದ್ದೆ. ನೋಡಬೇಕಾಗಿದ್ದದ್ದು ಅದು ಎಷ್ಟು ಕಡಿಮೆಯಲ್ಲಿ ಬದುಕುತ್ತದೆ ಎಂಬುದನ್ನು.

ಲೆಕ್ಚರರ ಪತ್ರಿಕೆಗಳನ್ನು ಮತ್ತೆ ತಿರುವಿ ಹಾಕಿದೆ. 1802 ಎಂಬ ಇನ್ನೊಂದು ಚಿಪ್ಪಿತ್ತು. ನಿಧಾನ. ಆದರೆ ಒಂದೇ ಓಲ್ಟೇಜು ಸಾಕು, ನಾಲ್ಕು ಟಾರ್ಚ್ ಸೆಲ್ಲಿನಲ್ಲಿ ನಡೆಯುತ್ತದೆ. ಅದನ್ನು ಹೆಜ್ಜೆ ಹೆಜ್ಜೆಯಾಗಿ ನಡೆಸುವ ಗಡಿಯಾರದ ಮಿಡಿತವನ್ನು ಪೂರ್ತಿ ನಿಲ್ಲಿಸಿದರೂ ಎಲ್ಲಿತ್ತೋ ಅಲ್ಲೇ ಕಾದು ನಿಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚಿನದು, ಕಾರ್ಯಕ್ರಮವನ್ನು, ಅಂದರೆ ಚಿಪ್ಪು ಏನೇನು ಮಾಡಬೇಕೆಂಬ ಆಜ್ಞೆಗಳ ಪಟ್ಟಿಯನ್ನು, ತುಂಬಲು ಬೇರೆ ಯಂತ್ರ ಬೇಡ. ಎಂಟು ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಒಂದು ಗುಂಡಿ ಒತ್ತಿದರೆ ಒಂದು ಮಾತು ನೆನಪಿಗೆ ಹೋಗುತ್ತದೆ. ಬೆಂಗಳೂರಿನ ಗುಜರಿ ಅಂಗಡಿಯೊಂದರಲ್ಲಿ, ಯಾವುದೋ ಪರದೇಶಿ ಉಪಕರಣದಿಂದ ಕಿತ್ತ ಬೋರ್ಡಿನ ಮೇಲೆ ಅದು ಸಿಕ್ಕಿತು. ಪಕ್ಕದಲ್ಲೇ ಕಡಿಮೆ ಕರೆಂಟಿನ ಎರಡು ಮೆಮೊರಿ ಚಿಪ್ಪು, ಆ ಮಿಡಿತ ಕೊಡುವ ಒಂದು ಕ್ರಿಸ್ಟಲು. ಇಂಥ ಚಿಪ್ಪುಗಳಿಗೆ ಕೈಯ ಮೈಯ ಸ್ಥಾಯಿ ವಿದ್ಯುತ್ತು ತಾಗಿದರೂ ಅಪಾಯ, ಆದ್ದರಿಂದ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದದಲ್ಲಿ ಸುತ್ತಿ ತಂದೆ.

ಬಿಸಿಯ ಅಳತೆಗೆ ಒಂದು ಥರ್ಮಿಸ್ಟರು. ಸಾಬೂದಾನಿ ಕಾಳಿನಷ್ಟು ಗಾಜಿನ ಮಣಿ, ಎರಡು ತಂತಿ. ತಣ್ಣಗಾದರೆ ಅದರ ತಡೆ ಏರುತ್ತದೆ. ಚಿಪ್ಪಿಗೆ ಅದು "ಬಿಸಿ ಸಾಲದು" ಎಂಬ ಸುದ್ದಿ. ಹೊರಗಿನ ಇಂಥ ಹೌದು-ಅಲ್ಲಗಳನ್ನು ತಿಳಿಯಲು ಚಿಪ್ಪಿಗೆ ನಾಲ್ಕು ಕಾಲುಗಳಿವೆ. ಒಂದಕ್ಕೆ ಮಣಿ, ಒಂದಕ್ಕೆ ಕರೆಂಟು ಇದೆಯೋ ಇಲ್ಲವೋ ಎಂಬುದು. ಎರಡು ಖಾಲಿ ಉಳಿದವು. ಬಿಸಿಗೆ ಸಾಧಾರಣ ಬಲ್ಬುಗಳು; ಚಿಪ್ಪು ಹೇಳಿದಾಗ ಅವನ್ನು ಹೊತ್ತಿಸಿ ಆರಿಸಲು ರಿಲೇ ಎಂಬ ಸ್ವಿಚ್ಚು. ಅವುಗಳ ಬೆಳಕು ಹೊರಗೆ ಬರದ ಹಾಗೆ ಮೇಲೆ ಮಡಕೆ ಬೋರಲು. ಹಗಲಿನ ಬೆಳಕಿಗೆ ಬೇರೆ ಒಂದು ದೀಪ, ಅತ್ತೆಯನ್ನು ಕರೆಯಲು ಒಂದು ಗಂಟೆ. ಎಲ್ಲವನ್ನೂ ಸತ್ತ ವಾಲ್ವ್ ರೇಡಿಯೋದ ಮರದ ಪೆಟ್ಟಿಗೆಯಲ್ಲಿ ಕೂರಿಸಿದೆ.

ಪೂರಿಗಾಲಿಗೆ ಹೊತ್ತುಕೊಂಡು ಹೋದಾಗ ಅತ್ತೆ ಬಾಗಿಲಲ್ಲೇ ತಡೆದಳು.

"ರೇಡಿಯಾ ತಂದ್ಯಲ್ಲಾ? ಆಡು ಬತ್ತದಾ?"

"ಆಡು ಬರಕಿಲ್ಲ ಕಣತ್ತೆ. ಇದು ಮೊಟ್ಟೆ ಕಾಯದು."

ಅವಳು ಮೂಗು ಅರಳಿಸಿದಳು. "ಹೊಗೆಸೊಪ್ಪಿನ ವಾಸ್ನೆ! ನಿಮ್ಮಾವನ್ನೇ ಬೀಡಿ ಸೇದ್ಕಂಡ್ ಒಳೀಕ್ ಬುಡಕಿಲ್ಲ ನಾನು. ಏನ್ ತಂದಿದ್ದೀಯ ಅದ್ರೊಳ್ಗೆ?"

ಒಳಗೆ ಸಿಗರೇಟಿನ ಬೆಳ್ಳಿ ಕಾಗದ ಇನ್ನೂ ಇತ್ತು. ಹೊಗೆಸೊಪ್ಪಿನ ಗಾಳಿ ತಾಗಿದರೂ ಹುಳ ಸಾಯುತ್ತದೆ. ಪೆಟ್ಟಿಗೆಯನ್ನು ಅಂಗಳದಲ್ಲಿ ಬಿಚ್ಚಿ, ಕಾಗದ ದೂರ ಎಸೆದು, ಬಿಸಿಲಿಗೆ ಇಟ್ಟು, ಕೈ ತೊಳೆದ ಮೇಲೆಯೇ ಒಳಗೆ ಬಿಟ್ಟಳು.

ಹುಳದ ಮನೆಯ ಒಳಕೋಣೆಯಲ್ಲಿ ಬಿದಿರ ಗಳಕ್ಕೆ ಮೊಟ್ಟೆ ಹಾಳೆಗಳನ್ನು ದಾರದಲ್ಲಿ, ಮೇಲೊಂದು ಕೆಳಗೊಂದು ಸಾಲಾಗಿ, ನೇತುಹಾಕಿದೆವು. ಗಾಳಿ ಒಣಗದಿರಲೆಂದು ನೆಲಕ್ಕೆ ಒದ್ದೆ ಗೋಣಿ. ಹಾಳೆಗಳ ನಡುವೆ ಮಣಿ ಇಳಿಬಿಟ್ಟೆ. "ಅತ್ತೆ, ಬೇರೆ ಏನ್ ಮುಟ್ಟುದ್ರೂ ಪರವಾಗಿಲ್ಲ. ಈ ಮಣಿ ಇದ್ರ ಜೀವ ಕಣತ್ತೆ, ಉಷಾರು" ಎಂದೆ. ಅವಳು ತಲೆಯಾಡಿಸಿದಳು. ಮಾವ ಹೊಸ್ತಿಲಾಚೆಯಿಂದಲೇ, "ಜೀವ ಬೀಡಿ ತುದಿಯಷ್ಟೂ ಇಲ್ವಲ್ಲಲಾ" ಎಂದರು. ಸ್ವಿಚ್ಚುಗಳಿಂದ ಕಾರ್ಯಕ್ರಮ ತುಂಬಿದೆ. ರಿಲೇ ಟಿಕ್ ಎಂದಿತು. ಅತ್ತೆ ಪೆಟ್ಟಿಗೆಗೆ ಅರಿಶಿನ ಕುಂಕುಮ ಇಟ್ಟಳು. ನಾನು ಮದ್ದೂರಿನ ಬಸ್ಸು ಹತ್ತಿದೆ.

ಎರಡನೆಯ ದಿನವೇ ಮಳವಳ್ಳಿ ಬಸ್ಸಿನ ಕಂಡಕ್ಟರು ಅಂಗಡಿಯ ಮುಂದೆ ನಿಂತು ಕೂಗಿದ. ನಮ್ಮ ಕಡೆ ಅವಸರದ ಸುದ್ದಿ ಬರುವುದೇ ಹಾಗೆ.

"ಲೋ ರೇಡಿಯೋ! ನಿಮ್ಮತ್ತೆ ಏಳ್ಕಳ್ಸವ್ರೆ. ಡಬ್ಬಿ ಕಾದು ಕೆಂಡ ಆಗ್ಬುಟ್ಟದಂತೆ. ಈಗ್ಲೇ ಬರ್ಬೇಕಂತೆ."

ಬೆಂಕಿಯೇ ಬಿದ್ದಿದೆ ಎಂದುಕೊಂಡು ಓಡಿದೆ. ಹೋಗಿ ನೋಡಿದರೆ ಎಲ್ಲ ಸರಿ. ಥರ್ಮಾಮೀಟರು ಇಪ್ಪತ್ತೈದು ತೋರಿಸುತ್ತಿತ್ತು, ಎಷ್ಟಿರಬೇಕೋ ಅಷ್ಟೇ. ಅತ್ತೆಯ ಮುಖ ಮಾತ್ರ ಕಪ್ಪಿಟ್ಟಿತ್ತು. "ಬೆಳಿಗ್ಗೆ ಮೂವತ್ತು ದಾಟೋಗಿತ್ತು ಕಣ್ಲಾ. ಬಾಗ್ಲು ತೆಗ್ದು ಬೀಸ್ಕಂಡ್ ಕುಂತಿದ್ದೆ." ಸೆಲ್ಲಿನ ಸಂಪರ್ಕ ಸಡಿಲವೆಂದು ಅಂದಾಜು ಮಾಡಿ, ತಗಡು ಉಜ್ಜಿ, ಹೊಸ ಸೆಲ್ಲು ಹಾಕಿ ಬಂದೆ.

ಮಾರನೆಯ ದಿನ ಮತ್ತೆ ಅದೇ ಕಂಡಕ್ಟರು, ಅದೇ ಸುದ್ದಿ. ಈ ಸಲ ನೆನಪಿನ ಚಿಪ್ಪಿನಲ್ಲಿ ಎಲ್ಲೋ ಒಂದು ಅಂಕಿ ಮಗುಚಿದೆ ಎಂದು ಇಡೀ ಕಾರ್ಯಕ್ರಮವನ್ನು ಅಳಿಸಿ ಮತ್ತೆ ತುಂಬಿದೆ. ಮರುದಿನ ಮತ್ತೆ ಕಾಯಿತು. ಥರ್ಮಿಸ್ಟರನ್ನೇ ಬದಲಿಸಿ ಹಳೆಯದನ್ನು ಜೇಬಿಗೆ ಹಾಕಿಕೊಂಡೆ. ಆಮೇಲೂ ಕಾಯಿತು. ಪ್ರತಿ ಬೆಳಿಗ್ಗೆ ಕೆಡುವುದು, ನಾನು ತಲುಪುವ ಮಧ್ಯಾಹ್ನಕ್ಕೆ ತಾನಾಗಿಯೇ ಸರಿಯಾಗುವುದು. ರಿಪೇರಿ ಕೆಲಸದಲ್ಲಿ ಇದಕ್ಕಿಂತ ಕೆಟ್ಟ ರೋಗವಿಲ್ಲ. ಬಿಸಿಗೆ ಹತ್ತಿರವಿದ್ದ ಕೆಳಸಾಲಿನ ಹಾಳೆಗಳ ಮೊಟ್ಟೆ ಬಣ್ಣಗೆಡತೊಡಗಿತ್ತು. ಅತ್ತೆ ಅಗ್ಗಿಷ್ಟಿಕೆಯನ್ನು ತೊಳೆದು ಬಾಗಿಲ ಹತ್ತಿರ ತಂದಿಟ್ಟಿದ್ದಳು. ಅದನ್ನು ನೋಡಿ ನನಗೆ ಊಟ ಸೇರಲಿಲ್ಲ.

ಅಂಗಡಿಗೆ ರಜೆ ಹಾಕಿ ಪೂರಿಗಾಲಿಯಲ್ಲೇ ಉಳಿದೆ. ಬೆಳಗಾಗುತ್ತಿದ್ದಂತೆ ಒಳಕೋಣೆಯ ಮೂಲೆಯಲ್ಲಿ ಥರ್ಮಾಮೀಟರು ಹಿಡಿದು ಕೂತೆ. ಇಪ್ಪತ್ತೈದು, ಅಲುಗಾಡದೆ ನಿಂತಿತ್ತು. ಅತ್ತೆ ಸ್ನಾನ ಮಾಡಿ, ತಲೆಗೆ ವಸ್ತ್ರ ಸುತ್ತಿಕೊಂಡು ಬಂದಳು. ಪೆಟ್ಟಿಗೆಗೆ ಕುಂಕುಮ ಇಟ್ಟಳು. ನೀರಿನ ಬಟ್ಟಲಿಂದ ಒಂದು ಸೇವಂತಿಗೆ ಎತ್ತಿ, ತೊಟ್ಟನ್ನು ಎರಡು ತಂತಿಗಳ ನಡುವೆ ಸಿಕ್ಕಿಸಿದಳು. ಹೂವು ಸರಿಯಾಗಿ ಮಣಿಯ ಮೇಲೆ ಕೂತಿತು. ಒಂದು ಹನಿ ನೀರು ತೊಟ್ಟಿಕ್ಕಿತು.

"ಅತ್ತೆ! ಏನ್ ಮಾಡ್ತಾ ಇದ್ದೀಯ?"

"ಹೂ ಮುಡಿಸ್ತಾ ಇವ್ನಿ ಕಣ್ಲಾ. ನೀನೇ ತಾನೇ ಏಳಿದ್ದು, ಇದೇ ಇದ್ರ ಜೀವ ಅಂತ? ಜೀವಕ್ಕೆ ಮಡಗ್ದೆ ಮರದ್ ಪೆಟ್ಗೆಗೆ ಮಡಗಕ್ಕಾದದಾ?"

"ದಿನಾ ಮಡಗ್ತಿದ್ಯಾ?"

"ದಿನಾ. ಮದ್ಯಾನ್ಕೆ ಬಾಡೋಯ್ತದೆ, ತೆಗ್ದಾಕ್ತೀನಿ. ಬಾಡಿದ್ ಹೂ ಹುಳದ್ ಮನೇಲಿ ಇರ್ಬಾರ್ದು."

ರಿಲೇ ಟಿಕ್ ಎಂದಿತು. ಬಲ್ಬುಗಳು ಹತ್ತಿಕೊಂಡವು.

ಮಿಂದ ಒದ್ದೆ ಮೈಯಲ್ಲಿ ಗಾಳಿಗೆ ನಿಂತರೆ ಚಳಿ ಹತ್ತುತ್ತದಲ್ಲ, ಮಣಿಗೆ ಆಗುತ್ತಿದ್ದದ್ದು ಅದೇ. ಕೋಣೆ ಬೆಚ್ಚಗಿದ್ದರೂ ಒದ್ದೆ ಹೂವಿನ ಕೆಳಗೆ ಮಣಿ ತಣ್ಣಗೆ. ಡಬ್ಬಿ ಅದನ್ನು ನಂಬಿ ಬಿಸಿ ಮಾಡುತ್ತದೆ. ಬಿಸಿಯಾದಷ್ಟೂ ಗಾಳಿ ಒಣಗುತ್ತದೆ, ಒಣಗಿದ ಗಾಳಿ ಹೂವಿನ ನೀರನ್ನು ಇನ್ನೂ ಬೇಗ ಎಳೆದು ಮಣಿಯನ್ನು ಇನ್ನೂ ತಣ್ಣಗೆ ಮಾಡುತ್ತದೆ. ಚಿಪ್ಪು, ಸೆಲ್ಲು, ಕಾರ್ಯಕ್ರಮ, ಯಾವುದಕ್ಕೂ ಏನೂ ಆಗಿರಲಿಲ್ಲ.

ವಿಷಯ ಹೇಳಿದೆ. ಅತ್ತೆ ಹೂವನ್ನು ಕಿತ್ತು ಕೈಯಲ್ಲಿ ಹಿಡಿದು, ಕೆಳಸಾಲಿನ ಹಾಳೆಗಳನ್ನೇ ನೋಡುತ್ತಾ ನಿಂತುಬಿಟ್ಟಳು. ಬಾಗಿಲಲ್ಲಿದ್ದ ಮಾವ ಮೊದಲು ಗೊಳ್ಳೆಂದು ನಕ್ಕರು. "ಕೋಳಿಗಾದ್ರೂ ಗೊತ್ತಾಯ್ತದೆ ಕಣ್ಲಾ, ತನ್ ಮೊಟ್ಟೆ ಬಿಸಿಯೋ ತಣ್ಣಗೋ ಅಂತ!" ಆಮೇಲೆ ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ನಗು ನಿಂತಿತು. "ಆಗ್ಲೇ ಚುಕ್ಕೆ ಬತ್ತಾ ಅವೆ ಇಲ್ಲಿ. ನಿನ್ ಡಬ್ಬಿ ಎಷ್ಟ್ನೇ ದಿನ ಅಂತ ಎಣಿಸ್ತಾ ಕುಂತದೆ?"

ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಕತ್ತಲು ಯಾವಾಗ, ಬೆಳಕು ಯಾವಾಗ ಎಂದು ನಾನು ದಿನಗಳ ಎಣಿಕೆಯಲ್ಲಿ ಬರೆದಿದ್ದೆ. ಬೆಳಿಗ್ಗೆ ಬೆಳಿಗ್ಗೆ ಕಾದು ಕಾದು ಮೊಟ್ಟೆಗಳು ಆ ಎಣಿಕೆಯನ್ನು ಬಿಟ್ಟು ಮುಂದೆ ನಡೆದಿದ್ದವು. ಡಬ್ಬಿ ಹೇಳಿದ ದಿನದವರೆಗೆ ಕಾದರೆ ಕತ್ತಲು ಬರುವ ಮೊದಲೇ ಚೂರುಚೂರಾಗಿ ಒಡೆಯುವುದು ಖಂಡಿತ. ಡಬ್ಬಿ ಆರಿಸಿ ಅತ್ತೆಯನ್ನು ಮತ್ತೆ ಕೆಂಡದ ಮುಂದೆ ಕೂರಿಸುವುದು ಒಂದು ದಾರಿ. ಮೊಟ್ಟೆ ಒಳಗಿರುವಾಗಲೇ ಕಾರ್ಯಕ್ರಮವನ್ನು ಬದಲಿಸುವುದು ಇನ್ನೊಂದು.

ಎಣಿಕೆಯನ್ನೇ ಕಿತ್ತುಹಾಕಲು ತೀರ್ಮಾನಿಸಿದೆ. ದಿನ ಎಣಿಸುವುದು ಡಬ್ಬಿಯ ಕೆಲಸವಲ್ಲ. ಖಾಲಿಯಿದ್ದ ಮೂರನೆಯ ಕಾಲಿಗೆ ಒಂದು ಕಾಲಿಂಗ್ ಬೆಲ್ಲಿನ ಗುಂಡಿ ಜೋಡಿಸಿದೆ. ಚುಕ್ಕೆ ಕಂಡು ಯಾರಾದರೂ ಗುಂಡಿ ಒತ್ತಿದರೆ ಅಲ್ಲಿಂದ ಡಬ್ಬಿಯ ಲೆಕ್ಕ ಶುರು: ಕತ್ತಲು, ಕತ್ತಲು, ಬೆಳಕು. ನಾಲ್ಕನೆಯ ಕಾಲಿಗೆ ಜೇಬಿನಲ್ಲಿದ್ದ ಹಳೆಯ ಥರ್ಮಿಸ್ಟರನ್ನು, ಒದ್ದೆ ಬತ್ತಿ ಸುತ್ತಿ, ಬೇಕೆಂದೇ ತಣ್ಣಗೆ ಮಾಡಿ ಕಟ್ಟಿದೆ. ಒಣ ಮಣಿಗಿಂತ ಅದು ತೀರಾ ತಣ್ಣಗಾದರೆ ಗಾಳಿ ಒಣಗಿದೆ ಎಂದರ್ಥ; ಗಂಟೆ ಬಾರಿಸಿ ಗೋಣಿಗೆ ನೀರು ಕೇಳುತ್ತದೆ. ಹೂವಿನಿಂದ ಕಲಿತದ್ದು.

ಚಿಪ್ಪನ್ನು ನಿಲ್ಲಿಸಿ ಸ್ವಿಚ್ಚುಗಳ ಮುಂದೆ ಕೂತೆ. ಕೋಣೆ ತಣ್ಣಗಾಗದ ಹಾಗೆ ಅತ್ತೆ ಅಗ್ಗಿಷ್ಟಿಕೆ ಹಿಡಿದಳು. ಒಂದು ಸ್ವಿಚ್ಚು ತಪ್ಪಿದರೂ ಮತ್ತೆ ಮೊದಲಿಂದ. ಎರಡು ಸಲ ತಪ್ಪಿತು. ಕೊನೆಗೆ ರಿಲೇ ಟಿಕ್ ಎಂದಾಗ ಬೆರಳುಗಳು ಸೆಟೆದುಕೊಂಡಿದ್ದವು.

ಮಾರನೆಯ ದಿನ ಅತ್ತೆ ಹಾಳೆ ಹಾಳೆಯಾಗಿ ನೋಡಿ, "ಒತ್ಲಾ?" ಎಂದು ನನ್ನನ್ನು ಕೇಳಿದಳು.

"ನಂಗೇನ್ ಗೊತ್ತತ್ತೆ? ನೋಡ್ದವ್ಳು ನೀನು."

ಅವಳು ಒತ್ತಿದಳು. ದೀಪ ಆರಿತು. ಕಿಟಕಿಗೆ ಕರಿ ಕಂಬಳಿ ಬಿಟ್ಟೆವು.

ಬೆಳಕು ಬಿಡಬೇಕಾದ ಬೆಳಿಗ್ಗೆ ಕರೆಂಟೇ ಇರಲಿಲ್ಲ. ಡಬ್ಬಿ ಸೆಲ್ಲಿನ ಮೇಲೆ ಎಚ್ಚರವಿದ್ದು ಗಂಟೆ ಬಾರಿಸಿತು. ಅತ್ತೆ ಓಡಿಹೋಗಿ ಕಂಬಳಿ ಎಳೆದಳು, ಬಿಸಿಲು ಒಳಗೆ ಬಿತ್ತು. ಮೇಲಿನ ಸಾಲಿನ ಹಾಳೆಗಳು ಸ್ವಲ್ಪ ಹೊತ್ತಿಗೆ ಕಪ್ಪಗೆ ಮಿಸುಕಾಡತೊಡಗಿದವು, ಇರುವೆಗಿಂತ ಸಣ್ಣ ಮರಿಗಳು, ಹಾಳೆಯ ತುಂಬ, ಒಟ್ಟಿಗೆ. ಕೆಳಸಾಲಿನ ಹಾಳೆಗಳು ಹಾಗೇ ಇದ್ದವು. ಅತ್ತೆ ಕೋಳಿ ಗರಿಯಿಂದ ಮರಿಗಳನ್ನು ತಟ್ಟೆಗೆ ಇಳಿಸುತ್ತಾ, ನಡುನಡುವೆ ಆ ಸತ್ತ ಹಾಳೆಗಳ ಹತ್ತಿರ ಹೋಗಿ ಬಗ್ಗಿ ನೋಡಿ ಬರುತ್ತಿದ್ದಳು. ಮಧ್ಯಾಹ್ನದವರೆಗೂ ನೋಡಿದಳು.

ಮಾವ ಕುಡುಗೋಲು ತೆಗೆದುಕೊಂಡು ತೋಟದ ಕಡೆ ಹೊರಟರು. ಏನು ಮಾಡಲು ಎಂದು ಕೇಳುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ. ಬಂದಾಗ ಅವರ ಮಡಿಲಲ್ಲಿ ಎಳೆಯ ಸೊಪ್ಪಿತ್ತು. ಅತ್ತೆಯ ಮುಂದೆ ಸುರಿದು, "ಅರ್ಧ ಒಡ್ದವೆ, ಅರ್ಧ ತ್ವಾಟ ಇರ್ಲಿ. ಮಿಕ್ಕದ್ರಲ್ಲಿ ಕಬ್ಬು ಆಕ್ತೀನಿ. ಸರಿಯಾಯ್ತಲ್ಲ, ಬುಡು" ಎಂದರು. ಹೇಳಿದ ಹಾಗೇ ಮಾಡಿದರು. ಈಗ ಶಿವರಾತ್ರಿ ಕಳೆದಿದೆ. ಕಾಲುವೆ ಬದಿಯ ಅರ್ಧದಲ್ಲಿ ಕಬ್ಬಿನ ಬಿತ್ತನೆ ಮೊಳೆತಿದೆ, ಮೇಲಿನ ಅರ್ಧದಲ್ಲಿ ಅತ್ತೆಯ ಸೊಪ್ಪು ಚಿಗುರಿದೆ. ಆ ಬೆಳೆಯ ಗೂಡು ಚೆನ್ನಾಗಿ ಬಂತು, ಬಂದಷ್ಟು.

ಮುಂದಿನ ಬೆಳೆಗೆ ಎರಡನೆಯ ಬೋರ್ಡು ಮಾಡುತ್ತಿದ್ದೇನೆ. ಕಾರ್ಯಕ್ರಮವನ್ನು ಅಳಿ​ಯದ ಚಿಪ್ಪಿನಲ್ಲಿ ಬರೆದಿಡು ಎಂದು ಲೆಕ್ಚರರು ಹೇಳುತ್ತಾರೆ. ನನಗೆ ಮನಸ್ಸು ಬರುತ್ತಿಲ್ಲ. ಆ ದಿನ ಅಳಿಸಿ ಬರೆಯಲು ಆಗದಿದ್ದರೆ ಮೇಲಿನ ಸಾಲೂ ಉಳಿಯುತ್ತಿರಲಿಲ್ಲ. ಒಣ ಮಣಿಗೆ ತೂತುಗಳ ತಗಡಿನ ಗೂಡು ಮಾಡಿದ್ದೇನೆ. ಅದನ್ನು ತೋರಿಸಿದಾಗ ಅತ್ತೆ ಸುತ್ತಲೂ ತಿರುಗಿಸಿ ನೋಡಿ ಕೇಳಿದ್ದು ಒಂದೇ ಮಾತು: "ಹೂ ಎಲ್ಲಿ ಮಡಗ್ಲಲಾ?"

ಪೆಟ್ಟಿಗೆಯ ನೆತ್ತಿಯ ಮೇಲೆ, ತಂತಿಗಳಿಂದ ದೂರ, ಒಂದು ಮೊಳೆ ಹೊಡೆದಿದ್ದೇನೆ. ಬೋರ್ಡಿನ ನಕ್ಷೆಯಲ್ಲೂ ಅದನ್ನು ಗುರುತು ಮಾಡಿದ್ದೇನೆ.

ನಿಮ್ಮಲ್ಲೂ ಯಾರಾದರೂ ಇಂಥ ಸಣ್ಣ ಚಿಪ್ಪನ್ನು ಪಂಪಿಗೋ, ಗಿರಣಿಗೋ, ಇನ್ನಾವ ಕೆಲಸಕ್ಕೋ ಹೂಡಿ ನೋಡಿರಬಹುದು. ಕರೆಂಟು ಹೋದಾಗ ಅದರ ನೆನಪನ್ನು ಹೇಗೆ ಉಳಿಸಿಕೊಂಡಿರಿ, ಯಾವ ಚಿಪ್ಪು ಕೈಕೊಟ್ಟಿತು, ಯಾವುದು ಬದುಕಿತು, ಬರೆದು ತಿಳಿಸಿ. ಅದಕ್ಕಿಂತ ಮುಖ್ಯವಾಗಿ, ನೀವು ಕೊಟ್ಟು ಬಂದ ಡಬ್ಬಿಯ ಮೇಲೆ ಆ ಮನೆಯವರು ಏನಿಟ್ಟರು, ಎಲ್ಲಿಟ್ಟರು ಎಂಬುದನ್ನೂ ಬರೆಯಿರಿ. ಇನ್ನೆಲ್ಲಿ ಮೊಳೆ ಹೊಡೆಯಬೇಕೆಂದು ಎರಡನೆಯ ಬೋರ್ಡು ಮುಗಿಯುವುದರೊಳಗೆ ನನಗೆ ಗೊತ್ತಾಗಬೇಕು.